ಹರಕೆಯ ಹುಂಜ ಹರಾಜಿಗೆ

ಶ್ರವಣ್ ಡಿಗ್ರಿ ಮೊದಲ ವರ್ಷ ಪಾಸಾದದ್ದೇ ತಪ್ಪಾಯಿತು. ಅವನು ಪಾಸಾದರೆ ಮನೆಯ ಕೆಂಪು ಹುಂಜವನ್ನು ದೈವಕ್ಕೆ ಕೊಡುತ್ತೇನೆಂದು ಅಜ್ಜಿ ಸೇಸಮ್ಮ ಹರಕೆ ಹೇಳಿಕೊಂಡಿದ್ದರು. ಹರಕೆ ತೀರಿಸುವುದು ನಾಳೆ. ಇವತ್ತು ಬೆಳಿಗ್ಗೆಯೇ ಗೆಳೆಯ ರೋಹಿತ್ ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಪಂಚಾಂಗ ಹಿಡಿದುಕೊಂಡು ಬಂದ.

“ಇವತ್ತು ಕೆಂಪು ಕೋಳಿಗೆ ಜಯ ಉಂಟು ಮಾರಾಯ! ಗೆದ್ದು ತಂದು ಗೂಡಿಗೆ ಬಿಡುವ. ಅಜ್ಜಿಗೆ ಗೊತ್ತೇ ಆಗ್ಲಿಕ್ಕಿಲ್ಲ.”

ಹುಂಜ ಚೀಲ ಸೇರಿತು. ಅಳದಂಗಡಿ ಆಚೆಯ ಗುಡ್ಡದಲ್ಲಿ ಅದರ ಕಾಲಿಗೆ ಕತ್ತಿ ಕಟ್ಟುವ ಮೊದಲೇ ಪೊಲೀಸರು ಬಂದರು. ಶ್ರವಣ್ ಒಂದು ಚಪ್ಪಲಿ ಬಿಟ್ಟು ಓಡಿದ. ಹುಂಜ ಮಾತ್ರ ಮದುಮಗನ ಹಾಗೆ ಗತ್ತಿನಲ್ಲಿ ಜೀಪು ಹತ್ತಿತು.

“ಹಿಡಿದ ಕೋಳಿಗಳನ್ನು ಸಂಜೆ ಬೆಳ್ತಂಗಡಿಯಲ್ಲಿ ಹರಾಜು ಹಾಕ್ತಾರೆ. ಹೋಗಿ ತಗೊಂಡು ಬಾ,” ಎಂದ ರೋಹಿತ್.

“ನೀನು ಬರುವುದಿಲ್ವಾ?”

“ನಂಗೆ ಪೊಲೀಸರು ಆಗಿ ಬರುವುದಿಲ್ಲ ಮಾರಾಯ.”

ಶ್ರವಣ್ ಒಬ್ಬನೇ ಹರಾಜಿಗೆ ಹೋದ. ಜೇಬಿನಲ್ಲಿ ಪರೀಕ್ಷೆ ಫೀಸಿನ ಎರಡು ಸಾವಿರವಿತ್ತು. ಕೆಂಪು ಹುಂಜಕ್ಕೆ ಶ್ರವಣ್ ಐನೂರು ಕೂಗಿದ. ಹಿಂದಿನಿಂದ ಯಾರೋ ಆರುನೂರು ಕೂಗಿದರು. ತಿರುಗಿದರೆ ಪಕ್ಕದ ಮನೆಯ ರುಕ್ಮಯ್ಯ!

“ಏನು ಶ್ರವಣ, ನಿಂಗೂ ಕೋಳಿ ಬೇಕಾ?”

“ಹೌದು ಮಾಮ. ಇದೇ ಬೇಕು.”

“ನಂಗೂ ಇದೇ ಆಗ್ಬೇಕು. ಬಣ್ಣ ಕೆಂಪೇ ಆಗ್ಬೇಕಂತೆ.”

ಇವನು ಸಾವಿರ ಎಂದರೆ ಅವರು ಸಾವಿರದ ನೂರು. ಕೊನೆಗೆ ಎರಡು ಸಾವಿರಕ್ಕೆ ರುಕ್ಮಯ್ಯ ಕೈಚೆಲ್ಲಿದರು.

ಬಸ್ಸಿನಲ್ಲಿ ಹುಂಜವನ್ನು ಅಪ್ಪಿಕೊಂಡ ಶ್ರವಣನಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿತು. ಕತ್ತಿ ಕಟ್ಟುವ ಮೊದಲೇ ಬಂದ ಪೊಲೀಸರು ಎಷ್ಟು ಒಳ್ಳೆಯವರು! ಸೋಲೊಪ್ಪಿದ ರುಕ್ಮಯ್ಯ ಮಾಮ ದೇವರಂಥವರು. ಇನ್ನು ಅಂಕದ ಕಡೆ ತಲೆಹಾಕಿಯೂ ಮಲಗುವುದಿಲ್ಲ ಎಂದುಕೊಂಡ.

ಅಂಗಳದಲ್ಲೇ ಅಜ್ಜಿ ನಿಂತಿದ್ದರು.

“ಬಾ ಮಗಾ. ನಮ್ಮ ಹುಂಜವನ್ನು ಯಾರೋ ಕದ್ರು. ಬೇರೆ ತರ್ಲಿಕ್ಕೆ ರುಕ್ಮಯ್ಯನನ್ನು ಹರಾಜಿಗೆ ಕಳಿಸಿದ್ದೆ. ನೀನೇ ಎರಡು ಸಾವಿರ ಕೊಟ್ಟು ತಗೊಂಡಿ ಅಂತ ಫೋನು ಮಾಡಿದ. ನನ್ನ ಹರಕೆಗೆ ಅಂತ ಅಲ್ವಾ? ನಿನ್ನ ಹೊಟ್ಟೆ ತಣ್ಣಗಿರಲಿ!”

ಅಯ್ಯೋ! ಇಷ್ಟು ಹೊತ್ತು ಅವನು ಜಿದ್ದಿಗೆ ಬಿದ್ದದ್ದು ಸ್ವಂತ ಅಜ್ಜಿಯ ಜೊತೆ. ಸುಮ್ಮನಿದ್ದಿದ್ದರೆ ಫೀಸೂ ಉಳಿಯುತ್ತಿತ್ತು, ಹುಂಜವೂ ಮನೆಗೆ ಬರುತ್ತಿತ್ತು. ಹೋಗಲಿ, ಸಿಕ್ಕಿಬೀಳಲಿಲ್ಲವಲ್ಲ! ಕಣ್ಣು ತುಂಬಿ ಬಂದು, ದೈವವನ್ನು ನೆನೆದು ಎರಡೂ ಕೈ ಜೋಡಿಸಿದ.

ಹುಂಜ ಕಂಕುಳಿಂದ ಜಾರಿತು. ಕೊಡವಿಕೊಂಡು, ಅಂಗಳ ದಾಟಿ, ಬಚ್ಚಲಿನ ಹಿಂದೆ ಯಾರಿಗೂ ಕಾಣದಂತಿದ್ದ ಗೂಡಿಗೆ ನೆಟ್ಟಗೆ ಹೋಗಿ ಕುಳಿತಿತು.

ಅಜ್ಜಿ ಗೂಡನ್ನು ನೋಡಿದರು. ಆಮೇಲೆ ಮೊಮ್ಮಗನನ್ನು ನೋಡಿದರು.

“ಮಗಾ, ಹೊಸ ಕೋಳಿಗೆ ನಮ್ಮ ಗೂಡು ಯಾರು ತೋರಿಸಿದ್ದು?”