ಗಿರಿಜಕ್ಕನ ಮೊಣಕೈಯ ಸಮೀಕರಣ

ಆ ಶುಕ್ರವಾರ ಬೆಳಿಗ್ಗೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಾಜರಿದ್ದವರು ಇಷ್ಟು: ಪ್ರಿನ್ಸಿಪಾಲರು, ನನ್ನ ವಿದ್ಯಾರ್ಥಿನಿ ಶ್ರಾವ್ಯಾ, ಗೇಟಿನ ಹೊರಗೆ ಮೀನು ಮಾರುವ ಬೆಂಗ್ರೆಯ ಗಿರಿಜಕ್ಕ, ಮೇಜಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಒಂದು ರೋಬೋಟ್ ಕೈ, ಹನ್ನೆರಡು ಬಂಗುಡೆ ಮೀನು ಮತ್ತು ನಾನು. ಇವರಲ್ಲಿ ತಾವು ಯಾಕೆ ಬಂದಿದ್ದೇವೆಂದು ಸರಿಯಾಗಿ ಗೊತ್ತಿದ್ದದ್ದು ಬಂಗುಡೆಗಳಿಗೆ ಮಾತ್ರ. ಮರುದಿನ ಕಾಲೇಜಿನಲ್ಲಿ ಪ್ರದರ್ಶನ. ‘ಮೀನು ಕೊಯ್ಯುವ ರೋಬೋಟ್’ ಎಂದು ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ಕೆಳಗೆ ನನ್ನ ಹೆಸರು, ಪ್ರಿನ್ಸಿಪಾಲರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಆ ಕೈ ಒಂದು ಬಂಗುಡೆಯನ್ನಾದರೂ ನೆಟ್ಟಗೆ ಕೊಯ್ಯದಿದ್ದರೆ ಮಾನ ಹೋಗುವುದು ನನ್ನದೇ.

ರೋಬೋಟ್ ಎಂದರೆ ಜನ ಕಬ್ಬಿಣ, ಮೋಟಾರು ನೋಡಿ ಬೆರಗಾಗುತ್ತಾರೆ. ಒಳಗಿರುವುದು ನಮ್ಮಂಥ ಗಣಿತದ ಮಾಸ್ತರರ ಬೆವರು. ಭುಜದಿಂದ ಮೊಣಕೈಗೆ ಎಷ್ಟು ದೂರ, ಯಾವ ಕೀಲು ಎಷ್ಟು ಕೋನ ತಿರುಗಿದೆ ಎಂದು ಹೇಳಿದರೆ, ಬೆರಳ ತುದಿ ಎಲ್ಲಿದೆಯೆಂದು ಸಮೀಕರಣ ಹೇಳಿಬಿಡುತ್ತದೆ. ಇದು ಸುಲಭ. ತುದಿ ಇಂಥಲ್ಲಿಗೆ ಹೋಗಬೇಕು, ಹಾಗಾದರೆ ಕೀಲುಗಳು ಎಷ್ಟೆಷ್ಟು ತಿರುಗಬೇಕು ಎಂದು ಹಿಂದಿನಿಂದ ಲೆಕ್ಕ ಹಾಕುವುದು ಕಷ್ಟ. ಮನೆಮಂದಿಯನ್ನೆಲ್ಲ ಹೊರಡಿಸಿ, ಸದಾ ಟ್ರಾಫಿಕ್ ಕಟ್ಟಿಕೊಳ್ಳುವ ಕೂಳೂರು ಸೇತುವೆ ದಾಟಿಸಿ, ಮುಹೂರ್ತಕ್ಕೆ ಸರಿಯಾಗಿ ಮಂಟಪ ಮುಟ್ಟಿಸುವ ಹಾಗೆ. ಹಲವು ಉತ್ತರಗಳು ಉಂಟು, ಕೆಲವೊಮ್ಮೆ ಒಂದೂ ಇಲ್ಲ. ಎರಡು ವಾರ ಶ್ರಾವ್ಯಾ ಗಿರಿಜಕ್ಕನ ಭುಜ, ಮೊಣಕೈ, ಮಣಿಕಟ್ಟಿಗೆ ಬಣ್ಣದ ಚುಕ್ಕೆ ಅಂಟಿಸಿ, ಅವರು ಮೀನು ಕೊಯ್ಯುವಾಗ ಆ ಚುಕ್ಕೆಗಳು ಹೋದ ದಾರಿಯನ್ನೆಲ್ಲ ಅಂಕಿಗಳಾಗಿ ತಂದುಕೊಟ್ಟಳು. ಇದೆಂತ ವೇಷ ಎಂದು ಗಿರಾಕಿಗಳು ಕೇಳಿದರೆ, ಮಾಸ್ಟ್ರಿಗೆ ನನ್ನ ಕೈ ಬೇಕಂತೆ ಎನ್ನುತ್ತಿದ್ದರಂತೆ ಗಿರಿಜಕ್ಕ. ನಾನು ಮಾತ್ರ ಒಂದು ದಿನವೂ ನೋಡಲು ಹೋಗಲಿಲ್ಲ. ಅಂಕಿಗಳು ಇರುವಾಗ ಮನುಷ್ಯರು ಯಾಕೆ? ಶ್ರಾವ್ಯಾ ಎರಡು ಸಲ, ಸರ್, ಒಂದು ಡೌಟ್ ಉಂಟು ಎಂದಳು. ಸಮೀಕರಣ ಮುಗಿಯಲಿ, ಡೌಟ್ ಆಮೇಲೆ ಎಂದೆ.

ಸ್ವಿಚ್ ಒತ್ತಿದೆವು. ಕೈ ಮೇಲೆದ್ದಿತು, ಬಾಗಿತು, ಹಿಡಿದಿದ್ದ ಕತ್ತಿಯನ್ನು ಥೇಟ್ ಗಿರಿಜಕ್ಕನ ಗತ್ತಿನಲ್ಲಿ ಮುಂದಕ್ಕೆ ತಳ್ಳಿತು. ಬಂಗುಡೆ ಮೇಜಿನ ಮೇಲೆ ಜಾರಿ ಕೆಳಗೆ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಪ್ರಿನ್ಸಿಪಾಲರ ಬೂಟಿನ ಮೇಲೆ. ಪುನಃ ಲೆಕ್ಕ ನೋಡಿದೆ, ಕೂದಲೆಳೆಯಷ್ಟೂ ತಪ್ಪಿಲ್ಲ.

“ಮಾಸ್ಟ್ರೇ, ಕೋಪ ಮಾಡ್ಬೇಡಿ, ಒಂದು ಕೇಳ್ತೇನೆ,” ಎಂದರು ಗಿರಿಜಕ್ಕ. “ಕತ್ತಿ ಯಾಕೆ ಅದರ ಕೈಯಲ್ಲಿ ಉಂಟು? ನನ್ನ ಕೈಯಲ್ಲಿ ಇರುವುದು ಮೀನಲ್ಲವಾ?”

ಹೇಳಿದವರೇ ಬುಟ್ಟಿಯಿಂದ ಹಲಗೆಗೆ ಅಲಗು ನಿಲ್ಲಿಸಿದ ಮೆಟ್ಟುಕತ್ತಿ ತೆಗೆದು, ನೆಲದಲ್ಲಿ ಕೂತು, ಅದರ ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದರು. ಕತ್ತಿ ನಿಂತಲ್ಲೇ ನಿಂತಿತು. ಬಂಗುಡೆ ಅವರ ಕೈಯಲ್ಲಿ ಹೋಗಿ ಬಂದು ಚೊಕ್ಕವಾಯಿತು. ಶ್ರಾವ್ಯಾ ಸೀಲಿಂಗ್ ಫ್ಯಾನ್ ನೋಡತೊಡಗಿದಳು. ಅವಳ ಡೌಟ್ ಅದೇ ಆಗಿತ್ತು.

“ನೀವು ಮೀನು ತಿನ್ನುವವರಲ್ಲವಾ ಮಾರಾಯ್ರೆ?” ಎಂದು ಗಿರಿಜಕ್ಕ ಮರುಕದಿಂದ ಕೇಳಿದರು.

ತಿನ್ನುವವನೇ. ಐವತ್ತು ವರ್ಷದಿಂದ ತಿನ್ನುತ್ತಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಮೀನು ಹಿಂಬಾಗಿಲಿನಿಂದ ಬಂದು ಬಟ್ಟಲಲ್ಲಿ ಪ್ರತ್ಯಕ್ಷವಾಗುತ್ತದೆ. ಚಿಕ್ಕಂದಿನಲ್ಲಿ ನೋಡಲು ಹೋದರೆ ಅಜ್ಜಿ, ಇಲ್ಲಿಗೆ ಬೆಕ್ಕು ಒಂದೇ ಸಾಕು ಎಂದು ಓಡಿಸುತ್ತಿದ್ದರು. ದೊಡ್ಡವನಾದ ಮೇಲೆ ಯಾರೂ ಓಡಿಸಬೇಕಾಗಲಿಲ್ಲ. ಆದರೂ ಸೋಲೊಪ್ಪುವುದು ಹೇಗೆ? ರೈಲು ಮುಂದೆ ಹೋದರೂ ಪ್ಲಾಟ್‌ಫಾರ್ಮ್ ಹಿಂದೆ ಹೋದರೂ ಗಣಿತದಲ್ಲಿ ಒಂದೇ, ಇದೂ ಹಾಗೆ ಎಂದು ಪ್ರಿನ್ಸಿಪಾಲರಿಗೆ ವಿವರಿಸಿದೆ. ಒಂದೇ ಆದರೆ ತಿರುಗಿಸಿ ಮಾಡಿ ಎಂದರು ಗಿರಿಜಕ್ಕ.

ಮಧ್ಯಾಹ್ನದೊಳಗೆ ಕತ್ತಿಯನ್ನು ಮೇಜಿಗೆ ಬಿಗಿದು ರೋಬೋಟಿನ ಕೈಗೆ ಮೀನು ಕೊಟ್ಟೆವು. ಒಂದರ ಹೊಟ್ಟೆ ಒಡೆಯಿತು. ಇನ್ನೊಂದು ನುಣುಚಿಕೊಂಡಿತು. ಎಷ್ಟು ಬಿಗಿ ಹಿಡಿಯಬೇಕು ಎಂದು ನಾನು ಪೆನ್ನು ಹಿಡಿದು ಕೇಳಿದೆ.

“ಜೋರು ಹಿಡಿದ್ರೆ ಒಡೀತದೆ, ಸಡಿಲ ಬಿಟ್ರೆ ಜಾರ್ತದೆ. ಎಷ್ಟು ಅಂತ ಕೈಗೆ ಗೊತ್ತುಂಟು ಮಾಸ್ಟ್ರೇ, ನನಗೆ ಗೊತ್ತಿಲ್ಲ. ನಾಲ್ಕು ನೀವೇ ಕೊಯ್ದು ನೋಡಿ.”

ಕೂತೆ. ಪ್ಯಾಂಟು ಮಡಚಿ, ಲ್ಯಾಬಿನ ನೆಲದಲ್ಲಿ, ಪ್ರಿನ್ಸಿಪಾಲರ ಸಮ್ಮುಖದಲ್ಲಿ ನಾಲ್ಕು ಬಂಗುಡೆ ಕೊಯ್ದೆ. ಗಿರಿಜಕ್ಕ ನಾಲ್ಕನೆಯದನ್ನು ಎತ್ತಿ ಹಿಂದೆ ಮುಂದೆ ನೋಡಿ, ಬೆಕ್ಕಿಗೆ ಆಗ್ತದೆ ಎಂದರು. ನನ್ನ ಬೆರಳುಗಳಿಗೆ ಏನೋ ಒಂದು ತಿಳಿದಿತ್ತು. ಅದನ್ನು ಬರೆಯಲು ಹೊರಟರೆ ಅಕ್ಷರ ಸಿಗಲಿಲ್ಲ.

ಮರುದಿನ ರೋಬೋಟ್ ಬಾಳೆಕಾಯಿ ಕೊಯ್ದಿತು. ಬಾಳೆಕಾಯಿ ಜಾರುವುದಿಲ್ಲ, ಒಡೆಯುವುದೂ ಇಲ್ಲ. ಬೋರ್ಡಿನಲ್ಲಿ ‘ಮೀನು’ ಎಂಬಲ್ಲಿಗೆ ಶ್ರಾವ್ಯಾ ಬಿಳಿ ಕಾಗದ ಅಂಟಿಸಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರ ನಡುವೆ ಕೂತಿದ್ದ ನನ್ನ ಹೆಂಡತಿ ವಾಪಸು ಬರುವಾಗ ಗೇಟಿನ ಹತ್ತಿರ ಬಹಳ ಹೊತ್ತು ಗಿರಿಜಕ್ಕನೊಡನೆ ಮಾತಾಡುತ್ತ ನಿಂತಳು.

ಭಾನುವಾರ ಎದ್ದು ಬಂದರೆ, ಅಡುಗೆಮನೆಯ ಹಿಂದೆ ಪೇಪರ್ ಹಾಸಿ ಮೆಟ್ಟುಕತ್ತಿ ಇಟ್ಟಿತ್ತು. ಪಕ್ಕದಲ್ಲಿ ಒಂದು ಪಾತ್ರೆ ಬಂಗುಡೆ. ಎಂತ ಇದು ಎಂದು ಕೇಳಿದೆ. ನಿಮ್ಮ ಕೈಗೆ ಗೊತ್ತಾಗಿದೆಯಂತಲ್ಲ ಎಂದಳು.

ಅದಾಗಿ ಐದು ಭಾನುವಾರ ಕಳೆದವು. ರೋಬೋಟ್ ಕೈ ಲ್ಯಾಬಿನ ಕಪಾಟಿನಲ್ಲಿದೆ. ಮೊನ್ನೆ ಮನೆಗೆ ನೆಂಟರು ಬಂದಿದ್ದರು, ಇಪ್ಪತ್ತು ಬಂಗುಡೆ ಕೊಯ್ದೆ. ಹೆಂಡತಿ ಒಂದೊಂದನ್ನೂ ಎತ್ತಿ ನೋಡಿ, ಎರಡನ್ನು ಮಾತ್ರ ಬೆಕ್ಕಿಗೆ ಹಾಕಿದಳು.