ಮೌಸಿನ ಮಾರಿ ಯಾವ ಕಡೆ?

ನಮ್ಮ ಅಂಗಡಿಗೆ ಬರುವವರು ಸಾಮಾನು ಕೊಳ್ಳುವ ಮೊದಲು ನನ್ನ ತಲೆ ತಿನ್ನುತ್ತಾರೆ. ಗೋಳಗುಮ್ಮಟದ ಹತ್ತಿರ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟ ಮೇಲೆ ಇದು ತಪ್ಪಿದ್ದಲ್ಲ. ಗಿರಾಕಿಯ ಮುಂದೆ ನಗಬಾರದು ಎಂದು ನಮ್ಮಪ್ಪ ಕಲಿಸಿದ್ದರು. ಇದೇ ಜಾಗದಲ್ಲಿ ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರು, ಮತ್ತು ಅವರು ನಕ್ಕದ್ದನ್ನು ಯಾರೂ ನೋಡಿಲ್ಲ. ನಾನೂ ನಗುವುದಿಲ್ಲ. ಆದರೆ ಈ ದಸರೆಯ ಹೊತ್ತಿಗೆ ಒಂದೇ ಒಂದು ಮೌಸ್ ಮಾರಿ ಆ ಮಾತು ಉಳಿಸಿಕೊಳ್ಳಲು ಪಟ್ಟ ಪಾಡು ಶತ್ರುವಿಗೂ ಬೇಡ.

ಮೌಸ್ ಬೇಕಾಗಿದ್ದದ್ದು ತಿಕೋಟಾದ ಒಬ್ಬ ಹುಡುಗಿಗೆ. ವಿಜಯಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುವುದರಲ್ಲಿ ಗಟ್ಟಿಗಿತ್ತಿ. ಎದುರಿಗೆ ಬಂದವನು ಹೊಡೆಯುವ ಮೊದಲು ಅವನನ್ನು ಹೊಡೆಯಬೇಕು, ಅಷ್ಟೇ ಆಟ. ಕಾಲೇಜಿನಲ್ಲಿ ಐದು ಜನರ ತಂಡವಿತ್ತು. ಎರಡು ವರ್ಷ ಈಕೆ ಹುಡುಗರ ಕುರ್ಚಿಯ ಹಿಂದೆ ನಿಂತು ನೋಡಿದ್ದೇ ಹೆಚ್ಚು. ಯಾರಿಗಾದರೂ ಜ್ವರ ಬಂದರೆ ಮಾತ್ರ ಕರೆಯುತ್ತಿದ್ದರು. ಈಗ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೆ ಈಕೆ ಮತ್ತು ಬಬಲೇಶ್ವರದ ಒಬ್ಬ ಹುಡುಗ ಎದುರುಬದುರು ಆಡಬೇಕು, ಗೆದ್ದವರು ತಂಡಕ್ಕೆ. ಈಕೆಯ ಹಳೆಯ ಮೌಸೋ, ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ಮಾಡುತ್ತಿತ್ತು.

"ಕಾಕಾ, ನಾಳೆ ಅಪ್ಪ ಬರ್ತಾನ. ಛಲೋದ ಕೊಡ್ರಿ. ಆ ಜಾಗ ನನಗ ಬೇಕ್ರಿ," ಎಂದು ಫೋನಿನಲ್ಲಿ ಹೇಳಿದಳು. ದನಿ ಸಣ್ಣದಾಗಿತ್ತು.

ತೂಕ

ಅಪ್ಪ ಬಂದರು. ದ್ರಾಕ್ಷಿ ಬೆಳೆದು ಒಣಗಿಸಿ ಮಾರುವ ಗೌಡರು. ಎತ್ತು ಕೊಳ್ಳುವುದಿರಲಿ, ವರ ನೋಡುವುದಿರಲಿ, ಐದು ಮಂದಿ ಹಿರಿಯರು ಹೋಗುವುದು ಅವರ ಮನೆಯ ಪದ್ಧತಿ. ಮೌಸಿಗೂ ಐದು ಮಂದಿಯೇ ಜೀಪಿನಿಂದ ಇಳಿದರು. ನನ್ನ ಹತ್ತಿರ ಇರುವುದು ಎರಡು ಸ್ಟೂಲು. ಉಳಿದವರು ಗಂಭೀರವಾಗಿ ನಿಂತರು.

ನಾನು ಮಾಮೂಲಿ ಮೌಸ್ ಒಂದು, ಆಟದ ಮೌಸ್ ಒಂದು ಮುಂದಿಟ್ಟೆ. ಆಟದ್ದಕ್ಕೆ ವಯರಿಲ್ಲ, ಬಲು ಹಗುರ. ಹಗುರವಾಗಲಿ ಎಂದೇ ಅದರ ಬೆನ್ನಿನ ತುಂಬ ತೂತು ಕೊರೆದಿರುತ್ತಾರೆ. ಐದೂ ಮಂದಿ ಅದನ್ನು ಅಂಗೈಯಲ್ಲಿ ತೂಗಿ ತೂಗಿ ಒಬ್ಬರಿಂದೊಬ್ಬರಿಗೆ ದಾಟಿಸಿದರು. ಎಲ್ಲರಿಗಿಂತ ಹಿರಿಯರು ಅದನ್ನು ಮೆಲ್ಲಗೆ ಕೆಳಗಿಟ್ಟು ಕೈ ಒರೆಸಿಕೊಂಡರು.

"ಭಾಯಿ, ಭಾರ ಇದ್ದದ್ದು ಅಗ್ಗ, ಹಗೂರ ಇದ್ದದ್ದು ತುಟ್ಟಿ. ಮ್ಯಾಲ ತೂತು ಬ್ಯಾರೆ," ಎಂದರು ಗೌಡರು. "ನಮಗೇನು ವ್ಯಾಪಾರ ಗೊತ್ತಿಲ್ಲ ಅಂತ ತಿಳಿದೀರೇನು?"

ಆಟದಲ್ಲಿ ಮೌಸನ್ನು ಎತ್ತಿ ಎತ್ತಿ ಇಡಬೇಕು, ಭಾರವಾದರೆ ಕೈ ಸೋಲುತ್ತದೆ, ತಡವಾಗಿ ತಿರುಗಿದವರು ಸಾಯುತ್ತಾರೆ ಎಂದೆಲ್ಲ ಹೇಳಿದೆ. ಹತ್ತು ಕಣ್ಣುಗಳು ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದವು. ಕಡೆಗೆ ಹಸಿ ದ್ರಾಕ್ಷಿ ತುಟ್ಟಿಯೋ, ಒಣ ದ್ರಾಕ್ಷಿ ತುಟ್ಟಿಯೋ ಎಂದು ಕೇಳಿದೆ. ಒಣದ್ದು ಎಂದರು. ಯಾವುದು ಹಗುರ ಎಂದೆ.

ಗೌಡರು ಮೌಸನ್ನು ಮತ್ತೆ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, ಹಿರಿಯರ ಕಡೆ ತಿರುಗಿದರು.

"ಒಣಗಿಸ್ಯಾರ," ಎಂದರು.

ನಾಲ್ವರೂ ತಲೆಯಾಡಿಸಿದರು.

ಅಳತೆ

ಮೌಸ್ ಕೈಗೆ ಹೊಂದಬೇಕು, ಮಗಳನ್ನೇ ಕರೆತರಬೇಕಿತ್ತು ಎಂದೆ. ಗೌಡರು ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ಮಗಳದೊಂದು ಗಾಜಿನ ಬಳೆಯನ್ನು ಮೇಜಿನ ಮೇಲಿಟ್ಟರು. ಅಳತೆ ಮರೆತು ಬರುವ ಜನ ನಾವಲ್ಲ ಎಂಬ ಗತ್ತು ಮುಖದಲ್ಲಿತ್ತು.

ಬಳೆಯಿಂದ ಕೈಯ ಗಾತ್ರ ತಿಳಿದೀತು, ಹಿಡಿಯುವ ರೀತಿ ತಿಳಿಯುವುದಿಲ್ಲ. ಕೆಲವರು ಅಂಗೈ ಪೂರಾ ಊರುತ್ತಾರೆ, ಕೆಲವರು ಬೆರಳ ತುದಿಯಲ್ಲಷ್ಟೇ ಹಿಡಿಯುತ್ತಾರೆ. ಯಾವ ಮೌಸ್ ಎನ್ನುವುದು ಅದರ ಮೇಲೆ ನಿಂತಿದೆ. ಗೌಡರು ಮನೆಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಮಗಳು ಕಾಲೇಜಿನಲ್ಲಿದ್ದಳು, ತಾಯಿ ಎತ್ತಿದರು. ರೊಟ್ಟಿ ಬಡಿಯುವಾಗಿನಂತೆ ಅಂಗೈ ಊರುತ್ತಾಳೋ ಹೇಗೆ ಎಂದು ನಾನು ಕೇಳಿದೆ.

ತಾಯಿಯ ಉತ್ತರ ಅಂಗಡಿಯ ತುಂಬ ಕೇಳಿಸಿತು.

"ರೊಟ್ಟಿ ಬಡಿದಿದ್ದು ನಾ ನೋಡಿಲ್ರಿ ಭಾಯಿ. ಮೌಸ ಬಟ್ಟಿನ ತುದೀಲೆ ಹಿಡಿತಾಳ, ಅಂಗೈ ತಾಗಸೂದಿಲ್ಲ. ಕಸಬರಿಗೀನೂ ಹಂಗ ಹಿಡಿತಾಳ."

ಹಿರಿಯರೆಲ್ಲ ನನ್ನ ಅಂಗಡಿಯ ಫ್ಯಾನು ನೋಡತೊಡಗಿದರು. ನಾನು ತೂತಿನ ಮೌಸುಗಳಲ್ಲೇ ಬೆರಳ ತುದಿಗೆ ಹೊಂದುವ ಸಣ್ಣದನ್ನು ಡಬ್ಬಿಗೆ ಹಾಕಿದೆ.

ವೇಗ

ಡಬ್ಬಿಯ ಮೇಲೆ ಮೌಸಿನ ವೇಗದ ಅಂಕಿ ದಪ್ಪಕ್ಷರದಲ್ಲಿತ್ತು. ಇಷ್ಟೂ ವೇಗದಲ್ಲಿ ಆಡುತ್ತಾಳಲ್ಲ ಎಂದು ಗೌಡರು ಹಿಗ್ಗಿದರು. ಇಲ್ಲ, ಗುರಿ ಇಟ್ಟು ಹೊಡೆಯುವವರು ವೇಗ ಬಹಳ ಕಡಿಮೆ ಇಟ್ಟುಕೊಳ್ಳುತ್ತಾರೆ ಎಂದೆ. ಹಾಗಾದರೆ ಬಳಸದ ವೇಗಕ್ಕೆ ರೊಕ್ಕ ಯಾಕೆ ಕೊಡಬೇಕು ಎಂದು ಜಗಳಕ್ಕೆ ನಿಂತರು. ನಿಮ್ಮ ಜೀಪಿನ ಮೀಟರಿನಲ್ಲೂ ದೊಡ್ಡ ಅಂಕಿ ಬರೆದಿದೆ, ನೀವು ಎಷ್ಟರಲ್ಲಿ ಬಂದಿರಿ ಎಂದು ಕೇಳಿದೆ. ಗೌಡರು ಉತ್ತರಿಸುವ ಮೊದಲೇ ಹಿರಿಯರೊಬ್ಬರು ಸೊಂಟ ಹಿಡಿದುಕೊಂಡು, ಅದನ್ನಂತೂ ಕೇಳಬೇಡಿ ಎಂದರು.

ದಾರ

ವಾರದೊಳಗೆ ಗೌಡರು ಮೌಸ್ ಹಿಡಿದು ವಾಪಸು ಬಂದರು. ಬಲಕ್ಕೆ ಹೋದರೆ ಜಗ್ಗಿದಂತಾಗುತ್ತದೆ ಅಂತ ಮಗಳು ಹೇಳಿದ್ದಳಂತೆ.

ನೋಡಿದರೆ ಮೌಸಿನ ಬೆನ್ನಿನ ತೂತಿನಲ್ಲಿ ದಪ್ಪ ಕರಿದಾರ ಪೋಣಿಸಿ ಗಂಟು ಹಾಕಿದ್ದರು, ಜೊತೆಗೆ ದೃಷ್ಟಿಗೆಂದು ಒಂದು ಕರಿಗೇರುಬೀಜ. ದಾರದ ಇನ್ನೊಂದು ತುದಿ ಈಗಷ್ಟೇ ಕತ್ತರಿಸಿದಂತಿತ್ತು. ಅದು ಮೇಜಿನ ಕಾಲಿಗೆ ಕಟ್ಟಿದ್ದಾಗಿತ್ತಂತೆ. ಕಟ್ಟಿದವರು ಗೌಡರ ತಾಯಿ, ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ. ವಯರಿಲ್ಲದ ಮೌಸ್ ನೋಡಿ ಆಯಿಗೆ ಸಮಾಧಾನವಿರಲಿಲ್ಲ. ಇಷ್ಟು ತುಟ್ಟಿಯದನ್ನು ಕಟ್ಟದೆ ಬಿಡುವುದೆಂದರೇನು, ಯಾರಾದರೂ ಎತ್ತಿಕೊಂಡು ಹೋದರೆ ಎಂದಿದ್ದರು.

ಭಾರ ಇಳಿಸಲು, ವಯರು ತೆಗೆಸಲು ಗೌಡರು ನನಗೆ ರೊಕ್ಕ ಕೊಟ್ಟಿದ್ದರು. ಆಯಿ ಎರಡನ್ನೂ ಪುಕ್ಕಟೆ ವಾಪಸು ಹಾಕಿಕೊಟ್ಟಿದ್ದರು.

ಪೂಜೆ

ಮಹಾನವಮಿಯ ದಿನ ಖಂಡೇ ಪೂಜೆ. ಮನೆಯ ಆಯುಧ, ಹತಾರಗಳನ್ನೆಲ್ಲ ತೊಳೆದು ಪೂಜಿಸುವ ದಿನ, ಪೂಜೆಯಾದ ಮೇಲೆ ಅಂದು ಯಾರೂ ಅವನ್ನು ಮುಟ್ಟುವುದಿಲ್ಲ. ಮೊಮ್ಮಗಳ ಬಂದೂಕು ಇದೇ ಅಲ್ಲವೇ ಎಂದು ಆಯಿ ಮೌಸನ್ನೂ ಕುಡಗೋಲಿನ ಪಕ್ಕ ಇಟ್ಟರು. ಮರುದಿನವೇ ಆಟ. ಹುಡುಗಿ ದೇವರ ಮನೆಯಿಂದ ಮೌಸನ್ನು ಎತ್ತಿ, ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಆಟಕ್ಕೆ ಬಂದಳು.

ಇಬ್ರಾಹಿಂಪುರದ ಗೇಮಿಂಗ್ ಸೆಂಟರಿನಲ್ಲಿ ಆಟ ಇಟ್ಟಿದ್ದರು. ನಾನು ಅಂಗಡಿ ಮುಚ್ಚಿ ಹೋಗಿದ್ದೆ. ಹೊಸ ರುಮಾಲು ಸುತ್ತಿಕೊಂಡು ಗೌಡರು, ಹಿರಿಯರು ಸೇರಿ ಐದೂ ಮಂದಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮೂರು ಆಟದಲ್ಲಿ ಎರಡು ಗೆಲ್ಲಬೇಕು.

ಮೊದಲ ಆಟ ಶುರುವಾಯಿತು. ಪರದೆಯ ಮೇಲೆ ಈಕೆಯ ಸಿಪಾಯಿ ಗೋಡೆ ನೋಡಿದ, ಆಕಾಶ ನೋಡಿದ, ತನ್ನ ಕಾಲು ನೋಡಿಕೊಂಡ. ಎದುರಾಳಿಯೊಬ್ಬನನ್ನು ಬಿಟ್ಟು ಎಲ್ಲವನ್ನೂ ನೋಡಿದ. ಬಬಲೇಶ್ವರದ ಹುಡುಗ ಆರಾಮಾಗಿ ಗೆದ್ದ. ತಂಡದ ನಾಲ್ಕು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾರಿದ ಮೌಸೇ ಈ ಕೂಸಿನ ಜಾಗ ಕಳೆಯಿತಲ್ಲ ಎಂದು ನನ್ನ ಎದೆ ಒಡೆಯಿತು.

ಆಗ ಆಕೆ ಮೌಸನ್ನು ಮಗುಚಿದಳು. ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ. ಮೌಸ್ ದಾರಿ ನೋಡುವ ಕಣ್ಣಿನ ಗುಂಡಿಯಲ್ಲಿ ಒತ್ತಿ ತುಂಬಿದ ಕುಂಕುಮ.

ಆಕೆ ಯಾರನ್ನೂ ಬೈಯಲಿಲ್ಲ. ದುಪಟ್ಟಾದ ಅಂಚಿನಿಂದ ಒರೆಸಿದಳು, ತಲೆ ಬಗ್ಗಿಸಿ ಉಫ್ ಎಂದು ಊದಿದಳು, ಬಿಳಿ ಪುಡಿ ಹಾರಿತು. ಆಮೇಲೆ ಎರಡು ಆಟವನ್ನೂ ಗೆದ್ದಳು. ತಂಡದ ಹುಡುಗರು ಎದ್ದು ತಮ್ಮ ಸಾಲಿನಲ್ಲಿ ಆಕೆಗೊಂದು ಕುರ್ಚಿ ಎಳೆದಿಟ್ಟರು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಮಾರಿ

ಮರುದಿನ ಗೌಡರು ಆಯಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ಆಯಿ ನನ್ನ ಕೈಗೆ ದಸರೆಯ ಬನ್ನಿ ಎಲೆ, ಒಂದು ಚೀಲ ಒಣದ್ರಾಕ್ಷಿ ಕೊಟ್ಟು, ಬಂಗಾರದಂಗ ಇರೂನು ಎಂದರು. ಅವರ ಮನಸ್ಸು ನೋಯದ ಹಾಗೆ ಒಂದು ಮಾತು ಹೇಳಿಬಿಡಬೇಕೆಂದು ನಾನೊಂದು ಮೌಸ್ ತೆಗೆದು ಅದರ ಮುಖ ತೋರಿಸಿದೆ.

"ಆಯಿ, ಮುಂದಿನ ವರ್ಷ ಕುಂಕುಮ ಮ್ಯಾಲ ಹಚ್ಚರಿ. ಮೌಸಿನ ಮಾರಿ ಈ ಕಡೆ."

ಆಯಿ ಅದನ್ನು ಇಸಿದುಕೊಂಡು ತಿರುಗಿಸಿದರು.

"ತಮ್ಮಾ, ಕಣ್ಣು ಈ ಕಡೆ ಐತಿ, ದೀಪ ಈ ಕಡೆ ಐತಿ. ಕಣ್ಣು ಇದ್ದದ್ದು ಮಾರಿ. ನೀ ತೋರಸಾಕತ್ತಿದ್ದು ಬೆನ್ನು. ಬೆನ್ನಿಗೆ ಯಾರು ಕುಂಕುಮ ಹಚ್ತಾರ?"

ಪೂಜೆಯಲ್ಲಿ ಮೌಸನ್ನು ಅಂಗಾತ ಇಟ್ಟಿದ್ದರೆಂದೂ, ಮನೆಮಂದಿಯೆಲ್ಲ ಅದರ ಹೊಟ್ಟೆಗೆ ಅಡ್ಡಬಿದ್ದಿದ್ದರೆಂದೂ ಗೌಡರು ಪಿಸುಗುಟ್ಟಿದರು. ನಾನು ತುಟಿ ಕಚ್ಚಿಕೊಂಡು ಅಪ್ಪನನ್ನು ನೆನೆದೆ.

ಅಷ್ಟರಲ್ಲಿ ಒಬ್ಬ ಗಿರಾಕಿ ಮೆಟ್ಟಿಲು ಹತ್ತಿ ಬಂದ. ನೋಡಿದರೆ ಸೋತಿದ್ದ ಬಬಲೇಶ್ವರದ ಹುಡುಗ. ಆಯಿ ಯಾರೆಂದು ಅವನಿಗೆ ಗೊತ್ತಿಲ್ಲ. ಅವನು ನನ್ನ ಕಿವಿಯ ಹತ್ತಿರ ಬಾಗಿದ.

"ಕಾಕಾ, ನಿನ್ನೆ ಆಕಿ ಮೌಸಿನ ಬುಡಕ ಬಿಳೀ ಪುಡಿ ಹಚ್ಚಿ ಒರಸಿದ್ಲಲ್ರಿ, ಅಲ್ಲಿಂದ ನಾ ಸೋಲಾಕ ಹತ್ತಿದ್ದು. ಅದು ಯಾವ ಕಂಪನಿದ್ರಿ? ನನಗೂ ಒಂದು ಡಬ್ಬಿ ಕೊಡ್ರಿ."

ಆಯಿಯ ಕಿವಿ ಇನ್ನೂ ಚುರುಕಾಗಿದೆ. ಸೊಂಟದ ಸಂಚಿ ಬಿಚ್ಚಿ, ವಿಭೂತಿ ಗಟ್ಟಿಯಿಂದ ಒಂದು ತುಂಡು ಮುರಿದು ಅವನ ಅಂಗೈಯಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ಹೇಳಪಾ ತಮ್ಮಾ, ಮಾರಿ ಯಾವ ಕಡೆ?"

ನಾನು ನಗಲಿಲ್ಲ.

"ಕೆಳಗ ಐತ್ರಿ ಆಯಿ," ಎಂದೆ.