ಪ್ರಶ್ನೆ ಪೆಟ್ಟಿಗೆಗೆ ಬರೆದವರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲು ಬರುವುದಿಲ್ಲ. ಬೇರೆಯವರು ಹೇಳಿದರೆ ಜನ ನಗುತ್ತಾರೆ, ಅದನ್ನೇ ನಾನು ಹೇಳಿದರೆ "ಆಮೇಲೆ?" ಅನ್ನುತ್ತಾರೆ. ಹಾಗಾಗಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹಿರಿಯೂರಿನ ಒಂದು ಸಣ್ಣ ಗ್ರಂಥಾಲಯದಲ್ಲಿ ಗ್ರಂಥಪಾಲಕ. ಜೊತೆಗಿದ್ದ ಅಟೆಂಡರ್ ನಿವೃತ್ತರಾದ ಮೇಲೆ ನಾನೊಬ್ಬನೇ. ಬೆಳಿಗ್ಗೆ ಬಸ್ಸಿಗೆ ಕಾಯುವ ನಾಲ್ಕು ಜನ ಪೇಪರ್ ನೋಡಿ ಹೋಗುತ್ತಾರೆ. ಮಧ್ಯಾಹ್ನ ಯಾರೂ ಇಲ್ಲ. ಗೋಡೆಯ ಮೇಲೆ "ಮೌನವಾಗಿರಿ" ಎಂಬ ಬೋರ್ಡಿದೆ. ಅದನ್ನು ಪಾಲಿಸುವವನು ನಾನೊಬ್ಬನೇ. ಇಂಥಲ್ಲಿ ನಗುವಂಥದ್ದು ಏನು ನಡೆದೀತು ಅನ್ನಬೇಡಿ. ಏನೂ ನಡೆಯದ ಜಾಗದಲ್ಲೇ ಇಂಥವು ಒಂದರ ಮೇಲೊಂದು ನಡೆಯುತ್ತವೆ.

ಚಿತ್ರದುರ್ಗದ ನಮ್ಮ ಸಾಹೇಬರು ಒಂದು ದಿನ ಸಭೆ ಕರೆದರು. ಗ್ರಂಥಾಲಯಗಳಿಗೆ ವೆಬ್‌ಸೈಟ್ ಆಗಬೇಕು, ಅದಕ್ಕೊಂದು ಸಾಫ್ಟ್‌ವೇರ್ ಆರಿಸಬೇಕು ಎಂದರು. ಎಂಥ ಸಾಫ್ಟ್‌ವೇರ್ ಅಂದರೆ, ಬಡಗಿ ಕಪಾಟು ಮಾಡಿಕೊಟ್ಟ ಮೇಲೆ ಪುಸ್ತಕ ಜೋಡಿಸಲು ಮತ್ತೆ ಬಡಗಿಯನ್ನು ಕರೆಯಬೇಕಿಲ್ಲವಲ್ಲ, ಹಾಗೆ. ಒಮ್ಮೆ ಕೂರಿಸಿಕೊಟ್ಟರೆ ನಾವೇ ಸುದ್ದಿ, ಚಿತ್ರ ಎಲ್ಲ ಹಾಕಿಕೊಳ್ಳಬಹುದು. ಮುಂದೆ ಎರಡು ಇಟ್ಟರು. ಮೊದಲನೆಯದು ನೋಡಲು ಚೆಂದ. ಎರಡನೆಯದು ಸಪ್ಪೆ, ಆದರೆ ಅದರಲ್ಲಿ "ಗ್ರಂಥಪಾಲಕರನ್ನು ಕೇಳಿ" ಎಂಬ ಪ್ರಶ್ನೆ ಪೆಟ್ಟಿಗೆ ಇತ್ತು. ಜನ ಬರೆದು ಕೇಳಬಹುದು, ನಾವು ಉತ್ತರ ಬರೆಯಬೇಕು.

"ಎರಡನ್ನೂ ಒಂದೊಂದು ತಿಂಗಳು ನಡೆಸಿ ನೋಡ್ರಿ," ಎಂದರು ಸಾಹೇಬರು. "ಪೆಟ್ಟಿಗೆಗೆ ಜನ ಬರೆದ್ರೆ ಎರಡನೇದು. ಇಲ್ಲಾಂದ್ರೆ ಮೊದಲನೇದೇ ಸಾಕು. ಉತ್ತರ ಬರೆಯೋ ತಲೆನೋವು ಯಾಕೆ?"

ನನಗೆ ಆ ತಲೆನೋವೇ ಬೇಕಿತ್ತು. ಯಾಕೆ ಎಂದು ಬೋರ್ಡಿನ ಮಾತು ಹೇಳಿದಾಗಲೇ ನಿಮಗೆ ಗೊತ್ತಾಗಿರಬೇಕು.

ಇಪ್ಪತ್ತೊಂಬತ್ತನೇ ಪುಟ

ಸಭೆಯಲ್ಲಿ ನನ್ನ ಜೊತೆ ಹೊಸದುರ್ಗದ ಗ್ರಂಥಪಾಲಕಿ ಮೇಡಂ ಮತ್ತು ಹೊಳಲ್ಕೆರೆಯ ಗ್ರಂಥಪಾಲಕರಿದ್ದರು. ಹೊಳಲ್ಕೆರೆಯವರು ನಮ್ಮೆಲ್ಲರಿಗಿಂತ ಹಿರಿಯರು. ಗ್ರಂಥಾಲಯದ ಪುಸ್ತಕಕ್ಕೆ ಮೊದಲ ಹಾಳೆಯಲ್ಲಲ್ಲದೆ ಒಳಗೆ ಒಂದು ಗುಟ್ಟಿನ ಪುಟದಲ್ಲೂ ಮುದ್ರೆ ಒತ್ತುತ್ತೇವೆ. ಕದ್ದವನು ಮೊದಲ ಹಾಳೆ ಹರಿದರೂ ಗುಟ್ಟಿನ ಪುಟ ನಮ್ಮದೆಂದು ಹೇಳುತ್ತದೆ. ಅವರಲ್ಲಿ ಅದು ಇಪ್ಪತ್ತೊಂಬತ್ತನೇ ಪುಟ.

ಸಾಫ್ಟ್‌ವೇರ್ ತೋರಿಸಲು ಬಂದಿದ್ದವರನ್ನು ಅವರು ಕೇಳಿದರು: "ಎಲ್ಲ ಸರಿ, ಇದರಾಗೆ ಇಪ್ಪತ್ತೊಂಬತ್ತನೇ ಪುಟ ಎಲ್ಲೈತೆ?"

"ಸಾರ್, ಇದಕ್ಕೆ ಪುಟದ ನಂಬರ್ ಇರಲ್ಲ."

"ಹಂಗಾದ್ರೆ ಕಳುವಾದ್ರೆ ನಮ್ಮದು ಅಂತ ಹೆಂಗ್ರೀ ಹೇಳಾದು?"

ಹಿರಿಯರು ಊರಿಗೆ ಹೋಗಿ ತಾವೇ ದಾರಿ ಹುಡುಕಿದರು. ಒಂದೊಂದಾಗಿ ಪುಟ ಸೇರಿಸಿದರು. ವೇಳೆಯ ಪುಟ, ವಿಳಾಸದ ಪುಟ, ಪ್ರತಿ ಕಪಾಟಿಗೊಂದು ಪುಟ. ಆಗಲೂ ಸಾಲದೆ ಫ್ಯಾನಿಗೊಂದು, ಕುಡಿಯುವ ನೀರಿನ ಡ್ರಮ್ಮಿಗೊಂದು. ಇಪ್ಪತ್ತೊಂಬತ್ತನೆಯದರಲ್ಲಿ ಬರೀ ಮುದ್ರೆಯ ಫೋಟೊ. ಗುಟ್ಟಿನದ್ದಾದ್ದರಿಂದ ಅದಕ್ಕೆ ಹೋಗುವ ದಾರಿಯನ್ನೂ ಇಡಲಿಲ್ಲ.

ತಿಂಗಳು ಕಳೆದ ಮೇಲೆ ಫೋನ್ ಮಾಡಿದರು. "ಯಾವ ಪುಟನ ಎಷ್ಟು ಜನ ನೋಡಿದ್ರು ಅಂತ ಲೆಕ್ಕ ನೋಡ್ದೆ ಕಣಪ್ಪ. ಆ ಪುಟನ ಒಬ್ರೂ ನೋಡಿಲ್ಲ! ಗುಟ್ಟು ಹಂಗೇ ಉಳಿದೈತೆ."

ಎಲ್ಲ ಊರಿನ ಲೆಕ್ಕವೂ ನಮಗೆಲ್ಲ ಕಾಣುತ್ತಿತ್ತು, ಅದನ್ನು ನಾನೂ ನೋಡಿದ್ದೆ. ಉಳಿದ ಇಪ್ಪತ್ತೆಂಟು ಗುಟ್ಟುಗಳೂ ಹಾಗೇ ಉಳಿದಿವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗಾಜಿನ ಕೋಣೆ

ಮೊದಲನೆಯ ಸಾಫ್ಟ್‌ವೇರ್ ಚೆಂದ ಎಂದೆನಲ್ಲ, ಅದಕ್ಕೆ ಕಾರಣ ಅದರೊಳಗೇ ಬರುವ ಮಾದರಿ ಚಿತ್ರಗಳು. ಗಾಜಿನ ಗೋಡೆ, ಮೆತ್ತನೆ ಸೋಫಾ, ಯಾವುದೋ ದೇಶದ ಹೆಂಗಸು ನಗುತ್ತಾ ಓದುತ್ತಿರುವುದು. ತೆಗೆಯುವುದು ಹೇಗೆಂದು ತಿಳಿಯದೆ ನಾನು ಹಾಗೇ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ತೆಂಗಿನಕಾಯಿ ವ್ಯಾಪಾರದ ಒಬ್ಬ ಯಜಮಾನರು ಒಳಗೆ ಬಂದರು. ಮಧ್ಯಾಹ್ನದ ಹೊತ್ತು ಒಬ್ಬರು! ನಾನು ಎದ್ದೇ ನಿಂತೆ. ಅವರು ಮೊಬೈಲ್ ಮುಂದೆ ಹಿಡಿದರು.

"ಇದು ಎಲ್ಲೈತ್ರಿ? ಮ್ಯಾಲೇನಾ?"

"ಮೇಲೆ ಏನೂ ಇಲ್ಲ. ಅದು ಮಾದರಿ ಚಿತ್ರ."

"ಮಾದರಿ ಅಂದ್ರೆ?"

"ಅಂದ್ರೆ, ಮುಂದೆ ಯಾವಾಗಾದ್ರೂ ಹಿಂಗೆ ಆಗಬಹುದು ಅಂತ. ಕುಂತ್ಕಳ್ರಿ, ನೀರು ಕುಡೀರಿ. ಇವತ್ತಿನ ಪೇಪರ್ ಐತೆ, ನಿನ್ನೇದೂ ಐತೆ."

ಅವರು ಸುತ್ತ ಒಮ್ಮೆ ನೋಡಿದರು. ಮೊಬೈಲನ್ನು ಜೇಬಿಗಿಟ್ಟರು.

"ಹಂಗಾದ್ರೆ ನಾನೂ ಮುಂದೆ ಯಾವಾಗಾದ್ರೂ ಬರ್ತೀನಿ ಬಿಡ್ರಿ."

ಅವತ್ತೇ ಹೇಗೋ ಕಲಿತು ಆ ಚಿತ್ರ ತೆಗೆದು ನಮ್ಮ ಓದುವ ಕೋಣೆಯದೇ ಫೋಟೊ ಹಾಕಿದೆ. ಖಾಲಿ ಕೋಣೆ ಚೆನ್ನಾಗಿ ಕಾಣದೆಂದು ಮೊಬೈಲನ್ನು ಕಪಾಟಿನಲ್ಲಿ ನಿಲ್ಲಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಓಡಿಹೋಗಿ ಬೆನ್ನು ಕಾಣುವಂತೆ ಪೇಪರ್ ಹಿಡಿದು ಕೂತೆ. ಸಾಹೇಬರು ನೋಡಿ ಫೋನ್ ಮಾಡಿದರು. "ಪರವಾಗಿಲ್ಲ ಕಣ್ರೀ, ನಿಮ್ಮಲ್ಲಿ ಓದುಗರು ಬಹಳ ಶ್ರದ್ಧೆಯಿಂದ ಓದ್ತಾರೆ."

ಪೆಟ್ಟಿಗೆ

ಎರಡನೇ ತಿಂಗಳು ಎರಡನೇ ಸಾಫ್ಟ್‌ವೇರ್. ಪೆಟ್ಟಿಗೆ ತೆರೆದು ಕಾಯುತ್ತಾ ಕೂತೆ. ವಾರವಾದರೂ ಒಂದು ಪ್ರಶ್ನೆ ಇಲ್ಲ. ಕೆಟ್ಟಿರಬೇಕು ಎಂದುಕೊಂಡು ನಾನೇ ಒಂದು ಕೇಳಿದೆ: "ಮಾನ್ಯ ಗ್ರಂಥಪಾಲಕರೇ, ಗ್ರಂಥಾಲಯ ಭಾನುವಾರ ತೆರೆದಿರುತ್ತದೆಯೇ?" ಕೆಟ್ಟಿರಲಿಲ್ಲ. ನಾನೇ ಉತ್ತರವನ್ನೂ ಬರೆದೆ: "ಮಾನ್ಯ ಓದುಗರೇ, ತೆರೆದಿರುತ್ತದೆ. ತಾವು ಖಂಡಿತ ಬರಬೇಕು." ಭಾನುವಾರ ಹೇಗೂ ನಾನು ಬರಲೇಬೇಕಿತ್ತು, ಬಂದೆ.

ಮರುವಾರ ಒಂದು ನಿಜವಾದ ಪ್ರಶ್ನೆ ಬಂತು! "ಮಾನ್ಯ ಗ್ರಂಥಪಾಲಕರೇ, ತಮ್ಮಲ್ಲಿ ಸೇವಂತಿಗೆ ಬೆಳೆಯ ಕುರಿತು ಪುಸ್ತಕಗಳಿವೆಯೇ?" ನಾನು ಕಪಾಟು ಕಪಾಟು ಹುಡುಕಿ ಮೂರು ಪುಸ್ತಕ ತೆಗೆದು, ದೂಳು ಒರೆಸಿ, ಮೇಜಿನ ಮೇಲಿಟ್ಟು ಉತ್ತರ ಬರೆದೆ. ಆಮೇಲೆ ದಿನಕ್ಕೊಂದು ಬರತೊಡಗಿತು. ರಾಗಿ, ಜೇನು, ಕುರಿ ಸಾಕಣೆ. ಒಂದು ದಿನ ಕೊನೆಯಲ್ಲಿ "ತಮ್ಮ ಊಟವಾಯಿತೇ?" ಎಂದೂ ಇತ್ತು. ಆ ದಿನ ನಾನು ಡಬ್ಬಿ ಬಿಚ್ಚಿ ಊಟ ಮಾಡಿ ಆಮೇಲೆ ಉತ್ತರ ಬರೆದೆ, ಸುಳ್ಳಾಗಬಾರದಲ್ಲ.

ಇಷ್ಟರಲ್ಲಿ ನನಗೊಂದು ಭಯ. ನನ್ನ ಪೆಟ್ಟಿಗೆಗೆ ಬಂದರೆ ಸಾಕೇ? ಹೊಸದುರ್ಗ, ಹೊಳಲ್ಕೆರೆಯಲ್ಲೂ ಬರಬೇಕಲ್ಲ. ಇಲ್ಲದಿದ್ದರೆ ಸಾಹೇಬರು ಮೊದಲನೆಯದನ್ನೇ ಆರಿಸುತ್ತಾರೆ. ಹಾಗಾಗಿ ಅಡಿಕೆ ಬೆಳೆಯ ಪುಸ್ತಕ ಇದೆಯೇ ಎಂದು ಓದುಗನಂತೆ ಅಲ್ಲಿಗೂ ನಾನು ಬರೆದೆ. ಹೊಸದುರ್ಗದ ಮೇಡಂ ಒಂದು ಪುಟದಷ್ಟು ಉತ್ತರ ಕೊಟ್ಟರು. ಹೊಳಲ್ಕೆರೆಯವರದು: "ಇದೆ. ಬಂದು ನೋಡಿ. ಚಪ್ಪಲಿ ಹೊರಗೆ ಬಿಡಿ."

ಕೊನೆಯ ಸಭೆಯಲ್ಲಿ ಸಾಹೇಬರು ಎಲ್ಲ ಪ್ರಶ್ನೆಗಳನ್ನೂ ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿದರು. ನನ್ನ ಪ್ರಶ್ನೆ ಓದಿದಾಗ ನಾನು ಫ್ಯಾನ್ ನೋಡಿದೆ. ಸೇವಂತಿಗೆ ಬಂದಾಗ ಮೇಡಂ ಫ್ಯಾನ್ ನೋಡಿದರು. ಜೇನು ಬಂದಾಗ ಹಿರಿಯರೂ ಫ್ಯಾನ್ ನೋಡಿದರು.

"ನಮ್ಮ ಜನ ಎಷ್ಟು ಶುದ್ಧವಾಗಿ ಬರೀತಾರೆ ನೋಡ್ರಿ!" ಎಂದರು ಸಾಹೇಬರು. "ಎಲ್ರೂ ಮಾನ್ಯ ಗ್ರಂಥಪಾಲಕರೇ ಅಂತಾನೇ ಶುರು ಮಾಡ್ತಾರೆ. ಆದ್ರೆ ಸೋಮವಾರ ಒಬ್ರೂ ಯಾಕೆ ಬರೆಯಲ್ಲ?"

ಸೋಮವಾರ ನಮಗೆ ವಾರದ ರಜೆ. ಈ ಸಲ ಮೂವರೂ ಫ್ಯಾನ್ ನೋಡಿದೆವು. ಎರಡನೆಯದೇ ಆಯ್ಕೆಯಾಯಿತು.

ಹೊರಗೆ ಚಹಾ ಅಂಗಡಿಯಲ್ಲಿ ಮೇಡಂ ಮೆಲ್ಲಗೆ ಕೇಳಿದರು. "ಸಾರ್, ಫೋಟೊದಲ್ಲಿದ್ದ ಬೆನ್ನು ನಿಮ್ದೇ ತಾನೇ?"

"ಸೇವಂತಿಗೆ ನಿಮ್ದೇ ತಾನೇ?" ಎಂದೆ.

ಹಿರಿಯರು ಲೋಟ ಕೆಳಗಿಟ್ಟರು. "ಊಟ ಆಯ್ತಾ ಅಂದಿದ್ದು ನಾನು ಕಣಪ್ಪ. ಮಧ್ಯಾಹ್ನ ಯಾರೂ ಬರಲ್ಲ, ಏನ್ಮಾಡಾದು?" ಎಂದು ಹೇಳಿ, ನನ್ನ ಕಡೆ ತಿರುಗಿ, "ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರ್ತಾರೆ ಅಂತ ಮೂರು ದಿನ ಬಾಗಿಲು ನೋಡ್ತಾ ಕುಂತಿದ್ದೆ ಕಣೋ, ನಿನ್ನ ದೆಸೆಯಿಂದ" ಎಂದರು. ನಾವು ಮೂವರೂ ಎಷ್ಟು ನಕ್ಕೆವೆಂದರೆ ಹೊಳಲ್ಕೆರೆ ಬಸ್ಸು ಹೋದದ್ದೇ ಗೊತ್ತಾಗಲಿಲ್ಲ.

ಈಗಲೂ ದಿನಾ ಮಧ್ಯಾಹ್ನ ಒಬ್ಬರಿಗೊಬ್ಬರು ಬರೆಯುತ್ತೇವೆ. ಆದರೆ ಮೊನ್ನೆ ನನ್ನ ಪೆಟ್ಟಿಗೆಗೆ ಒಂದು ಪ್ರಶ್ನೆ ಬಂದಿದೆ: "ಬುಕ್ ವಾಪಸ್ ಕೊಡದು ಬಾಳ ಲೇಟ್ ಆಗೈತೆ. ಬೈತೀರಾ?" ನಾನು "ಮಾನ್ಯ ಓದುಗರೇ, ಬೈಯುವುದಿಲ್ಲ, ಬನ್ನಿ" ಎಂದು ಬರೆದೆ. ಇದು ನಮ್ಮವರು ಬರೆದದ್ದಲ್ಲ ಎಂದು ನನಗೆ ಖಾತ್ರಿ. ಅದಕ್ಕೆ ಮೂರು ಕಾರಣಗಳಿವೆ, ಬಿಡಿಸಿ ಹೇಳುತ್ತೇನೆ. ಒಂದು, ಇದರಲ್ಲಿ ಮಾನ್ಯ ಇಲ್ಲ. ಎರಡು, ಇದು ಬಂದಿರುವುದು ಸೋಮವಾರ. ಮೂರನೆಯದು ಏನೆಂದರೆ, ನಾವು ಗ್ರಂಥಪಾಲಕರು ಎಂದಿಗೂ...

ತಾಳಿ, ಬಾಗಿಲ ಹತ್ತಿರ ಯಾರೋ ಹೆಂಗಸು ಕರೆಯುತ್ತಿದ್ದಾರೆ. "ಯಾರ್ರೀ ಒಳಗೆ? ಬೈಯಲ್ಲ ಅಂತ ಬರ್ದೋರು ನೀವೇನಾ? ಚಪ್ಪಲಿ ಎಲ್ಲಿ ಬಿಡ್ಲಿ?"